ಹ್ಯಾಲೋವೀನ್ ಮೂಲ: ಏಪ್ರಿಲ್ 20ರ ಸಾಕ್ಷ್ಯ

ಅಕ್ಟೋಬರ್ 31ರ ಹ್ಯಾಲೋವೀನ್ ಮೂಲತಃ ಕೆಲ್ಟ್ ಜನರ ಸೌವಿನ್ ಹಬ್ಬ, ಚರ್ಚು ಅದಕ್ಕೆ ಸಂತರ ಹೆಸರಿನ ಅಂಗಿ ತೊಡಿಸಿತಷ್ಟೆ ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ಈ ಮಾತಿಗೆ ವಿದ್ವತ್ತಿನ ಬಲ ಬಂದದ್ದು 19ನೆಯ ಶತಮಾನದ ಕೊನೆಗೆ. ಸೌವಿನ್ ಕೆಲ್ಟರ ಹೊಸವರ್ಷವೆಂದು ಕೆಲ್ಟ್ ವಿದ್ವಾಂಸ ಜಾನ್ ರೀಸ್ ಊಹಿಸಿದರು. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಅದನ್ನು ಸತ್ತವರ ಹಬ್ಬವೆಂದರು. ಊಹೆ ಕ್ರಮೇಣ ಇತಿಹಾಸವೆನಿಸಿಕೊಂಡಿತು.

ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ಹುತಾತ್ಮರನ್ನು ಒಟ್ಟಾಗಿ ಸ್ಮರಿಸುವ ರೂಢಿ ಕೆಲ್ಟ್ ನಾಡಿನಿಂದ ಬಹುದೂರದ ಸಿರಿಯಾದಲ್ಲಿ 4ನೆಯ ಶತಮಾನದಲ್ಲೇ ಇತ್ತು. ರೋಮಿನ ಪ್ಯಾಂಥಿಯನ್ ದೇಗುಲವನ್ನು ನಾಲ್ಕನೆಯ ಬೊನಿಫೇಸ್ ಪೋಪ್ 7ನೆಯ ಶತಮಾನದ ಆರಂಭದಲ್ಲಿ ಮರಿಯಳಿಗೂ ಸಕಲ ಹುತಾತ್ಮರಿಗೂ ಅರ್ಪಿಸಿದ ದಿನ ಮೇ 13. ಹ್ಯಾಲೋವೀನ್ ಯಾವುದರ ಮುನ್ನಾದಿನವೋ ಆ ಸಕಲ ಸಂತರ ಹಬ್ಬಕ್ಕೆ ನವೆಂಬರ್ 1 ಗೊತ್ತಾದದ್ದು ಇಂಗ್ಲೆಂಡ್ ಮತ್ತು ಜರ್ಮನ್ ಭಾಷಿಕ ಪ್ರದೇಶಗಳಲ್ಲಿ. ಸುಮಾರು 800ರಲ್ಲಿ ಇಂಗ್ಲಿಷ್ ವಿದ್ವಾಂಸ ಆಲ್ಕ್ವಿನ್ ಈ ದಿನವನ್ನು ಸಾಲ್ಜ್‌ಬರ್ಗಿನ ಬಿಷಪ್ ಆರ್ನೋಗೆ ಶಿಫಾರಸು ಮಾಡಿದ. 835ರಲ್ಲಿ ಫ್ರಾಂಕ್ ಸಾಮ್ರಾಜ್ಯ ಅದನ್ನು ಅಂಗೀಕರಿಸಿತು.

ಆ ಕಾಲದ ಐರ್ಲೆಂಡಿನಲ್ಲಿ ಏನಿತ್ತು? ಪ್ರಶ್ನೆಯ ತಿರುಳು ಇಲ್ಲಿದೆ. 9ನೆಯ ಶತಮಾನದ ಆರಂಭದ ಓಂಗಸ್ ಮತ್ತು ಟಾಲಾ ಸಂತಪಂಚಾಂಗಗಳ ಆಧಾರದಿಂದ, ಐರಿಷ್ ಚರ್ಚು ಸಕಲ ಸಂತರ ಹಬ್ಬವನ್ನು ಏಪ್ರಿಲ್ 20ರಂದು ಆಚರಿಸುತ್ತಿತ್ತೆಂದು ಇತಿಹಾಸಕಾರ ರೊನಾಲ್ಡ್ ಹಟನ್ 1996ರಲ್ಲಿ ಎತ್ತಿ ತೋರಿಸಿದರು. ಸೌವಿನ್ನನ್ನು ಅಳಿಸಲೆಂದೇ ಚರ್ಚು ನವೆಂಬರ್ 1ನ್ನು ಆರಿಸಿದ್ದರೆ, ಸೌವಿನ್ ಜೀವಂತವಿದ್ದ ನಾಡಿನಲ್ಲೇ ಅದು ಮೊದಲು ಕಾಣಬೇಕಿತ್ತು. ಈ ಒಂದು ದಿನಾಂಕಕ್ಕೆ ಫ್ರೇಜರ್ ವಾದದಲ್ಲಿ ಉತ್ತರವಿಲ್ಲ.

ಸತ್ತವರ ನಂಟಿಗೂ ಚರ್ಚೇ ಮೂಲ. ನವೆಂಬರ್ 2ನ್ನು ಸಕಲ ಮೃತರ ಪ್ರಾರ್ಥನೆಗೆ ಮೀಸಲಿಟ್ಟವನು ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓಡಿಲೋ, 11ನೆಯ ಶತಮಾನದ ಆರಂಭದ ಆಸುಪಾಸಿನಲ್ಲಿ. ಶುದ್ಧೀಕರಣ ಸ್ಥಳದಲ್ಲಿ ಬಳಲುವ ಆತ್ಮಗಳಿಗಾಗಿ ರಾತ್ರಿಯಿಡೀ ಗಂಟೆ ಬಾರಿಸುವುದು, ಮನೆಮನೆಗೆ ಹೋಗಿ ಆತ್ಮಗಳ ಹೆಸರಿನ ರೊಟ್ಟಿ ಬೇಡುವುದು, ಪ್ರಾರ್ಥನೆ ಸತ್ತವರಿಗೆ ನೆರವಾಗುತ್ತದೆಂಬ ನಂಬಿಕೆಯಿಂದಲೇ ಬೆಳೆದವು. ಇಂಗ್ಲೆಂಡಿನ ಪ್ರಾಟೆಸ್ಟಂಟ್ ಸುಧಾರಣಾವಾದಿಗಳು ಆ ಗಂಟೆಗಳನ್ನು ನಿಷೇಧಿಸಿದ್ದು ಪೇಗನ್ ಪದ್ಧತಿಯೆಂದಲ್ಲ, ಕಥೋಲಿಕ ನಂಬಿಕೆಯೆಂದು. ಅಳಿದುಳಿದ ರೂಢಿಗಳನ್ನು 19ನೆಯ ಶತಮಾನದ ಐರಿಷ್, ಸ್ಕಾಟಿಷ್ ವಲಸಿಗರು ಅಮೆರಿಕಕ್ಕೆ ಒಯ್ದರು.

ಸೌವಿನ್ ಇರಲೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಋತು ಹೊರಳುವ ಆ ರಾತ್ರಿಯ ಅಲೌಕಿಕ ಭಯ ಐರಿಷ್ ಕಥೆಗಳಲ್ಲಿ ದಟ್ಟವಾಗಿದೆ. ಹ್ಯಾಲೋವೀನಿನ ಬೆಂಕಿ, ಭವಿಷ್ಯ ನೋಡುವ ಆಟಗಳಲ್ಲಿ ಅದರ ಪಾಲಿರಬಹುದು. ಆದರೆ ಆ ಕಥೆಗಳನ್ನು ಬರೆದಿಟ್ಟವರೂ ಕ್ರೈಸ್ತ ಲಿಪಿಕಾರರೇ. ಇತ್ತ ಮಂಗಳೂರಿನ ಕಥೋಲಿಕರು ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದು ಕ್ಲೂನಿಯಿಂದ ಹರಡಿದ ಅದೇ ಆಚರಣೆ. ಅದಕ್ಕೆ ಸೌವಿನ್ ಬೇಕಾಗಲಿಲ್ಲ. ಹ್ಯಾಲೋವೀನಿನ ದಿನಾಂಕವೂ ಮೃತಸ್ಮರಣೆಯೂ ಕ್ರೈಸ್ತ ಪಂಚಾಂಗದಿಂದ ಬಂದವು ಎಂಬುದೇ ಲಭ್ಯ ಸಾಕ್ಷ್ಯಗಳ ತೀರ್ಪು.