ಹಳೆಯ ಧ್ವನಿಮುದ್ರಣಗಳ ಡಿಜಿಟಲ್ ಪ್ರತಿ: ಧ್ವನಿಮಟ್ಟದ ಪ್ರಶ್ನೆ

ಶಾಸನ, ನಾಣ್ಯ, ಕೈಫಿಯತ್ತುಗಳಂತೆ ಗ್ರಾಮಫೋನ್ ತಟ್ಟೆಗಳೂ ಟೇಪುಗಳೂ ಇತಿಹಾಸದ ಆಕರಗಳೆಂಬುದನ್ನು ಈಗ ಯಾರೂ ಅಲ್ಲಗಳೆಯಲಾರರು. ಆದರೆ ಅವುಗಳ ಡಿಜಿಟಲ್ ಪ್ರತಿಯನ್ನು ತೆಗೆಯುವಾಗ ಒಳಬರುವ ಧ್ವನಿಯ ಮಟ್ಟವನ್ನು ಎಲ್ಲಿ ನಿಲ್ಲಿಸಬೇಕೆಂಬ ವಿಚಾರವನ್ನು ಯಂತ್ರ ನಡೆಸುವವನಿಗೆ ಬಿಟ್ಟು ನಾವು ಸುಮ್ಮನಿರುವುದುಂಟು. ಇದು ಆಕರದ ಪ್ರಾಮಾಣ್ಯಕ್ಕೇ ಸಂಬಂಧಿಸಿದ ಪ್ರಶ್ನೆ. ಶಾಸನದ ಅಚ್ಚು ಕೆಟ್ಟರೆ ಮತ್ತೆ ಕಲ್ಲಿನ ಬಳಿಗೆ ಹೋಗಬಹುದು. ಶಿಥಿಲವಾದ ಟೇಪು ಇನ್ನೊಮ್ಮೆ ಓಡೀತೆಂಬ ಭರವಸೆಯಿಲ್ಲ.

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡಾಗ ಧ್ವನಿಯನ್ನು ಏರಿಳಿಸುವ ಉಪಕರಣವೇ ಇರಲಿಲ್ಲ. (ಈ ಗಾಯಕಿ ಮುಂದೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲಿಯೇ ನಿಧನರಾದರು.) ಕಹಳೆಯ ಬಾಯಿಂದ ಹಾಡುವವರು ಎಷ್ಟು ದೂರ ನಿಂತರೆಂಬುದೇ ಅಂದಿನ ಮಟ್ಟ. 1925ರ ಸುಮಾರಿಗೆ ಮೈಕ್ರೊಫೋನೂ ವಿದ್ಯುದ್ವರ್ಧಕವೂ ಬಂದ ಮೇಲೆ ಅಳತೆಯ ಅಗತ್ಯವುಂಟಾಯಿತು. 1939ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯವೂ ಎನ್.ಬಿ.ಸಿ., ಸಿ.ಬಿ.ಎಸ್. ರೇಡಿಯೊ ಸಂಸ್ಥೆಗಳೂ ಕೂಡಿ ರೂಪಿಸಿದ ವಿ.ಯು. ಮಾಪಕವು ಬಳಕೆಗೆ ಬಂದಿತು. ಅದರ ಮುಳ್ಳು ಏರಲು ಸುಮಾರು 300 ಮಿಲಿಸೆಕೆಂಡು ಬೇಕು. ಆದುದರಿಂದ ಅದು ತೋರಿಸುವುದು ಸರಾಸರಿಯನ್ನೇ. ತಬಲದ ಒಂದು ಪೆಟ್ಟು ಮುಳ್ಳಿನ ಸೂಚನೆಗಿಂತ 10 ಡೆಸಿಬೆಲ್ ಅಥವಾ ಇನ್ನೂ ಮೇಲಕ್ಕೆ ಜಿಗಿದಿರಬಹುದು. ಟೇಪು ಅದನ್ನು ಸಹಿಸಿಕೊಳ್ಳುತ್ತಿತ್ತು. ಕಾಂತೀಯ ಲೇಪದಲ್ಲಿ ವಿಕೃತಿಯು ಮೆಲ್ಲಮೆಲ್ಲನೆ ತಲೆದೋರುತ್ತದೆ. ಮೇಲಾಗಿ ಟೇಪಿನ ಸಹಜವಾದ 'ಹಿಸ್' ಸದ್ದು ಮುಚ್ಚಿಹೋಗುವಂತೆ ಧ್ವನಿಯನ್ನು ಆದಷ್ಟು ಏರಿಸಿ ಮುದ್ರಿಸುವುದು ಆ ತಲೆಮಾರಿಗೆ ವಿವೇಕವೇ ಆಗಿತ್ತು.

ಅದೇ ಅಭ್ಯಾಸ ಡಿಜಿಟಲ್ ಯಂತ್ರದ ಮುಂದೆಯೂ ಉಳಿದುಕೊಂಡಿರುವುದು ಅನರ್ಥಕ್ಕೆ ಮೂಲ. ಇಲ್ಲಿ ಧ್ವನಿಯು ಅಂಕೆಗಳಾಗುತ್ತದೆ. ಅತ್ಯಂತ ದೊಡ್ಡ ಅಂಕೆಯನ್ನು ಸೊನ್ನೆ ಡೆಸಿಬೆಲ್ ಎನ್ನುತ್ತಾರೆ. ಅದನ್ನು ಮೀರಿದ ಅಲೆಯ ತಲೆಯು ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಭಾಗ ಯಾವ ಅಂಕೆಯಲ್ಲಿಯೂ ಉಳಿದಿರುವುದಿಲ್ಲ. ಇನ್ನು ಏರಿಸಲೇಬೇಕಾದ ಕಾರಣವೂ ಈಗಿಲ್ಲ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ 16 ಬಿಟ್‌ಗಳಿಗೆ 96 ಡೆಸಿಬೆಲ್, 24 ಬಿಟ್‌ಗಳಿಗೆ ತತ್ತ್ವತಃ 144. ಹಳೆಯ ಟೇಪಿನ ವ್ಯಾಪ್ತಿ ಇದರ ಅರ್ಧದಷ್ಟಿದ್ದರೆ ಹೆಚ್ಚು.

ಆದುದರಿಂದ 24 ಬಿಟ್‌ಗಳಲ್ಲಿ ಪ್ರತಿ ತೆಗೆಯುವಾಗ ಅತಿ ಜೋರಾದ ಭಾಗವನ್ನು ಮೊದಲು ನುಡಿಸಿ ನೋಡಿ, ಅದರ ಶಿಖರವು ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮಾಡುವುದು ಯುಕ್ತ. ಎರಡು ಬಾರಿ ಓಡಲಾರದ ಟೇಪಿಗೆ ಇನ್ನೂ ಹೆಚ್ಚು ಅವಕಾಶವಿರಲಿ. ಗೀರುಬಿದ್ದ ತಟ್ಟೆಗಳಲ್ಲಿ ಟಿಕ್ ಎಂಬ ಸದ್ದುಗಳು ಹಾಡಿಗಿಂತ ಮೇಲೇರುವುದರಿಂದ ಅಲ್ಲಿಯೂ ಹಾಗೆಯೇ. ಮಟ್ಟವನ್ನು ಇಳಿಸುವುದು ಅಂಕೆಗಳಾಗುವುದಕ್ಕೆ ಮೊದಲು. ಆಮೇಲೆ ಇಳಿಸಿದರೆ ಚಪ್ಪಟೆಯಾದದ್ದು ಚಪ್ಪಟೆಯಾಗಿಯೇ ಮೆಲುವಾಗುತ್ತದೆ, ಅಷ್ಟೆ. ಸ್ವಯಂಚಾಲಿತ ನಿಯಂತ್ರಣವನ್ನು ನಾವಂತೂ ಒಪ್ಪಲಾರೆವು. ಭಾಷಣಕಾರನು ದನಿ ತಗ್ಗಿಸಿದ್ದು, ಸಭೆ ಗದ್ದಲವೆಬ್ಬಿಸಿದ್ದು ಎರಡೂ ಸಾಕ್ಷ್ಯಗಳೇ. ಅವನ್ನು ಸಮಮಾಡಲು ಯಂತ್ರಕ್ಕೆ ಅಧಿಕಾರವಿಲ್ಲ. ಮೂಲದಲ್ಲಿಯೇ ಧ್ವನಿ ಒಡೆದಿದ್ದರೆ ಅದನ್ನು ಪ್ರತಿಯ ವಿವರಪತ್ರದಲ್ಲಿ ಬರೆದಿಡತಕ್ಕದ್ದು. ಮುಂದೆ ಕೇಳುವವರಿಗೆ ಯಾವ ವಿಕೃತಿ ಅಂದಿನದು, ಯಾವುದು ನಮ್ಮ ಕೈಯಿಂದಾದದ್ದು ಎಂಬುದು ತಿಳಿಯಲು ಬೇರೆ ದಾರಿಯಿರುವುದಿಲ್ಲ.