ಖಾಡಿಯಾಚೆಗೆ ಬಂದ ದುಡಿಮೆ: ತುರ್ಭೆಯ ಆರು ದಶಕಗಳು

ಠಾಣೆ ಖಾಡಿಯ (ಸಮುದ್ರದ ಹಿನ್ನೀರಿನ) ಪೂರ್ವಕ್ಕೆ, ಪಾರಸಿಕ್ ಗುಡ್ಡಸಾಲಿನ ಬುಡದಲ್ಲಿರುವ ತುರ್ಭೆ ಮೊದಲು ಆಗ್ರಿ ಮತ್ತು ಕೋಳಿ ಸಮುದಾಯದವರ ಹಳ್ಳಿ. ಭತ್ತದ ಗದ್ದೆ, ಉಪ್ಪಿನ ಮಡಿ, ಖಾಡಿಯ ಮೀನು ಈ ಭಾಗದ ಜೀವನಾಧಾರವಾಗಿದ್ದವು. ಇದನ್ನು ದುಡಿಮೆಯ ದೊಡ್ಡ ಕೇಂದ್ರವನ್ನಾಗಿ ಮಾಡಿದ್ದು ಮಹಾರಾಷ್ಟ್ರ ಸರ್ಕಾರದ ನೀತಿಗಳು.

ಮೊದಲು ಬಂದದ್ದು ಕಾರ್ಖಾನೆ. 1962ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು (ಎಂಐಡಿಸಿ) ಭೂಮಿಯನ್ನು ಸ್ವಾಧೀನಪಡಿಸಿಕೊಂಡು, ರಸ್ತೆ, ನೀರು ಒದಗಿಸಿ, ಉದ್ಯಮಿಗಳಿಗೆ ದೀರ್ಘಾವಧಿ ಗುತ್ತಿಗೆಗೆ ಕೊಡತೊಡಗಿತು. ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ರಾಸಾಯನಿಕ, ಪೆಟ್ರೋಕೆಮಿಕಲ್, ಎಂಜಿನಿಯರಿಂಗ್ ಕಾರ್ಖಾನೆಗಳು ಎದ್ದವು. ತುರ್ಭೆ ಈ ಪಟ್ಟಿಯ ಒಂದು ಭಾಗವಾಯಿತು.

ಎರಡನೆಯದು ಹೊಸ ನಗರ, ನವಿ ಮುಂಬಯಿ. ಕಿಕ್ಕಿರಿದ ಮುಂಬಯಿಯ ಭಾರವನ್ನು ಖಾಡಿಯಾಚೆ ಇಳಿಸಬಹುದೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಶ್ ಪಟೇಲ್ 1960ರ ದಶಕದ ಮಧ್ಯದಲ್ಲಿ ವಾದಿಸಿದ್ದರು. 1970ರ ಮಾರ್ಚ್‌ನಲ್ಲಿ ಈ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿತು; 1973ರಲ್ಲಿ ವಾಶಿ ಸೇತುವೆ ತೆರೆಯಿತು. ಸರ್ಕಾರಿ ಕಚೇರಿಗಳೇ ಮೊದಲು ಇಲ್ಲಿಗೆ ಬಂದು ಉಳಿದವರನ್ನು ಸೆಳೆಯಬೇಕೆಂಬುದು ಯೋಜನೆಯ ಜೀವಾಳ. ಆದರೆ ರಾಜ್ಯದ ಸಚಿವಾಲಯವಾದ ಮಂತ್ರಾಲಯ ದಕ್ಷಿಣ ಮುಂಬಯಿಯ ನರೀಮನ್ ಪಾಯಿಂಟ್ ಬಿಟ್ಟು ಕದಲಲಿಲ್ಲ. ಕಚೇರಿಗಳು ಮಾಡದ ಕೆಲಸವನ್ನು ಸಗಟು ಮಾರುಕಟ್ಟೆ ಮಾಡಿತು.

1963ರ ಕೃಷಿ ಉತ್ಪನ್ನ ಮಾರಾಟ ಕಾಯ್ದೆಯಡಿ ರಚನೆಯಾದ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ (ಎಪಿಎಂಸಿ) ವಾಶಿಯ ಪಕ್ಕದಲ್ಲಿ, ತುರ್ಭೆಯ ನೆಲದಲ್ಲಿ ಜಾಗ ಸಿಕ್ಕಿತು. ಈರುಳ್ಳಿ-ಆಲೂಗಡ್ಡೆ ಸಗಟು ವ್ಯಾಪಾರ 1980ರ ದಶಕದ ಆರಂಭದಲ್ಲೇ ಮುಂಬಯಿಯ ಮಸ್ಜಿದ್ ಬಂದರ್ ಬಿಟ್ಟು ಇಲ್ಲಿಗೆ ಬಂತು. ನಂತರದ ದಶಕದಲ್ಲಿ ಮಸಾಲೆ, ಧಾನ್ಯ, 1996ರ ಹೊತ್ತಿಗೆ ಹಣ್ಣು ಮತ್ತು ತರಕಾರಿ ಬಂದವು. ಲಾರಿ, ಗೋದಾಮು, ಶೀತಲಗೃಹ, ಹೋಟೆಲು ಎಲ್ಲವೂ ಮಾರುಕಟ್ಟೆಯ ಬೆನ್ನಿಗೇ ಬಂದವು.

ಈ ಮಾರುಕಟ್ಟೆಯನ್ನು ಹೊತ್ತಿರುವವರು ಮಾಥಾಡಿಗಳು, ಅಂದರೆ ತಲೆ-ಹೆಗಲ ಮೇಲೆ ಚೀಲ ಸಾಗಿಸುವ ಹಮಾಲರು. ಇವರಲ್ಲಿ ಬಹಳಷ್ಟು ಮಂದಿ ಸಾತಾರಾ, ಸಾಂಗಲಿ ಕಡೆಯವರು. ಹಿಂದೆ ಅವರಿಗೆ ಖಾಯಂ ಮಾಲೀಕನೇ ಇರಲಿಲ್ಲ. ಕೂಲಿ ಮುಕಾದಮನ (ಮೇಸ್ತ್ರಿಯ) ಕೈಯಲ್ಲಿತ್ತು. ಅಣ್ಣಾಸಾಹೇಬ್ ಪಾಟೀಲರ ಸಂಘಟನೆಯ ಒತ್ತಡದಿಂದ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಅದರಂತೆ ಹಮಾಲರ ಟೋಳಿಗಳು (ಗುಂಪುಗಳು) ಮಾಥಾಡಿ ಮಂಡಳಿಯಲ್ಲಿ ನೋಂದಾಯಿತವಾಗುತ್ತವೆ. ವ್ಯಾಪಾರಿ ಕೂಲಿಯ ಜೊತೆಗೆ ಲೆವಿಯನ್ನೂ (ಹೆಚ್ಚುವರಿ ಶುಲ್ಕವನ್ನೂ) ಮಂಡಳಿಗೆ ಕಟ್ಟುತ್ತಾನೆ. ಮಂಡಳಿ ಕೂಲಿ ಹಂಚಿ, ಲೆವಿಯಿಂದ ಭವಿಷ್ಯ ನಿಧಿ, ಗ್ರಾಚ್ಯುಟಿ, ಬೋನಸ್, ಚಿಕಿತ್ಸೆಯನ್ನು ನೋಡಿಕೊಳ್ಳುತ್ತದೆ. ಹತ್ತಾರು ಗಾಳಾಗಳಲ್ಲಿ (ಮಳಿಗೆಗಳಲ್ಲಿ) ದುಡಿಯುವವನಿಗೂ ಒಂದೇ ಕಡೆ ಲೆಕ್ಕ ಸೇರುವಂತೆ ಮಾಡಿದ್ದು ಈ ಕಾಯ್ದೆಯ ದೊಡ್ಡ ಸಾಧನೆ.

ಹೊಸ ನಗರದ ಕಟ್ಟಡಗಳಿಗೆ ಬೇಕಾದ ಜಲ್ಲಿ ತುರ್ಭೆಯ ಸುತ್ತಲಿನ ಗುಡ್ಡಗಳಿಂದ ಬಂತು. ಬರಗಾಲಕ್ಕೆ ಊರು ಬಿಟ್ಟ ಉತ್ತರ ಕರ್ನಾಟಕದ ಕುಟುಂಬಗಳೂ ಆ ಕಲ್ಲುಗಣಿಗಳಲ್ಲಿ ದುಡಿದವು. ಮಾಥಾಡಿಗೆ ಸಿಕ್ಕ ರಕ್ಷಣೆ ಗಣಿಯ ಕೂಲಿಗೆ ಸಿಗಲಿಲ್ಲ.

ನೆಲ ಕೊಟ್ಟವರ ಪಾಲೂ ಹಗುರವಾಗಿರಲಿಲ್ಲ. ಠಾಣೆ, ಪನ್ವೇಲ್, ಉರಣ ತಾಲ್ಲೂಕುಗಳ 95 ಹಳ್ಳಿಗಳು ನವಿ ಮುಂಬಯಿ ಯೋಜನೆಯ ವ್ಯಾಪ್ತಿಗೆ ಬಂದವು. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ನಡೆದ ಹೋರಾಟದ ಮೇಲೆ 1984ರ ಜನವರಿಯಲ್ಲಿ ಉರಣ ಭಾಗದಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಐವರು ಸತ್ತರು. ಸ್ವಾಧೀನವಾದ ನೆಲದ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮರಳಿಸುವ ಯೋಜನೆ ಆ ಹೋರಾಟದ ಫಲ.

1990ರ ದಶಕದ ನಂತರ ರಾಸಾಯನಿಕ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆ ಕೈಗಾರಿಕಾ ಪಟ್ಟಿಯಲ್ಲಿ ಮಾಹಿತಿ ತಂತ್ರಜ್ಞಾನ ಕಚೇರಿಗಳು, ಗೋದಾಮುಗಳು ನೆಲೆಯೂರಿದವು. 2004ರಲ್ಲಿ ಠಾಣೆ-ವಾಶಿ ರೈಲು ಓಡತೊಡಗಿದ ಮೇಲೆ ತುರ್ಭೆಗೆ ದಿನವೂ ದೂರದಿಂದ ಬಂದು ದುಡಿಯುವವರು ಹೆಚ್ಚಿದರು. 2016ರಲ್ಲಿ ರಾಜ್ಯವು ಹಣ್ಣು-ತರಕಾರಿಯನ್ನು ಎಪಿಎಂಸಿ ನಿಯಂತ್ರಣದಿಂದ ಬಿಡಿಸಿತು. ರೈತನಿಗೆ ಬೇರೆಡೆ ಮಾರುವ ದಾರಿ ತೆರೆಯಿತು. ಮಾರುಕಟ್ಟೆಯನ್ನೇ ನಂಬಿದ ಹಮಾಲರಿಗೆ ಆತಂಕ ಹುಟ್ಟಿತು. ನೆಲ, ರಸ್ತೆ, ಕಟ್ಟಡಗಳನ್ನು ಒದಗಿಸಿದ ನೀತಿ ತುರ್ಭೆಗೆ ಉದ್ಯೋಗ ತಂದಿತು. ಆ ಉದ್ಯೋಗಕ್ಕೆ ಭದ್ರತೆ ಸಿಕ್ಕಿದ್ದು ಕಾರ್ಮಿಕ ಕಾಯ್ದೆ ಜೊತೆಗೂಡಿದ ಕಡೆ ಮಾತ್ರ.