ಹನುಮಂತನಗರದ ಸೀಮೆಯ ಮಳೆ–ಬೆಳೆ

ಹನುಮಂತನಗರದ ರಾಮಾಂಜನೇಯ ಗುಡ್ಡದ ನೆತ್ತಿಯಲ್ಲಾಗಲಿ, ಅದಕ್ಕೆ ಸಮೀಪವಾಗಿ ಕುಮಾರಸ್ವಾಮಿಯ ದೇವಾಲಯವನ್ನು ಹೊತ್ತಿರುವ ನರಹರಿರಾಯರ ಗುಡ್ಡದ ಬಂಡೆಯ ಮೇಲಾಗಲಿ ನಿಂತು ನಾಲ್ದೆಸೆಗೂ ದೃಷ್ಟಿಯನ್ನು ಹಾಯಿಸುವವರಿಗೆ ಈಗ ಕಾಣುವುದು ಒತ್ತೊತ್ತಾಗಿ ಎದ್ದ ಮನೆಗಳೂ ಅವುಗಳ ಮಾಳಿಗೆಯ ನೀರಿನ ತೊಟ್ಟಿಗಳೂ ಮಾತ್ರವೇ ಆದರೂ, ಈ ನೆಲ ನೇಗಿಲನ್ನು ಮರೆತು ಬಹುಕಾಲವೇನೂ ಆಗಿಲ್ಲ. 1892ರಲ್ಲಿ ಚಾಮರಾಜಪೇಟೆ ಏರ್ಪಟ್ಟು, 1898ರ ಪ್ಲೇಗಿಗೆ ಬೆದರಿದ ಹಳೆಯ ಪೇಟೆಯ ಜನಕ್ಕಾಗಿ ಬಸವನಗುಡಿ ಮಲ್ಲೇಶ್ವರಗಳೆಂಬ ಬಡಾವಣೆಗಳು ಹುಟ್ಟಿಕೊಂಡಾಗಲೂ, ಬಸವನಗುಡಿಯ ಸುತ್ತಲಿನ ಗುಟ್ಟಹಳ್ಳಿ, ಸುಂಕೇನಹಳ್ಳಿ, ಮಾವಳ್ಳಿ, ಹೊಸಕೆರೆಹಳ್ಳಿ, ಕತ್ರಿಗುಪ್ಪೆಗಳು ಹೊಲಗದ್ದೆಗಳ ಗ್ರಾಮಗಳಾಗಿಯೇ ಇದ್ದುವು. ಆ ಗ್ರಾಮಗಳ ಒಕ್ಕಲು ಮಕ್ಕಳು ತಲೆಮಾರುಗಳ ಅನುಭವದಿಂದ ರೂಪಿಸಿಕೊಂಡಿದ್ದ ಬೇಸಾಯದ ಕ್ರಮ ಎಷ್ಟು ಸೂಕ್ಷ್ಮವಾದುದೆಂಬುದು, ಅವರ ಹೊಲದ ಮೇಲೆ ಮನೆ ಕಟ್ಟಿಕೊಂಡಿರುವ ನಾವು ತಿಳಿದುಕೊಳ್ಳಬೇಕಾದ ಸಂಗತಿ.

ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿರುವ ಈ ಪ್ರಸ್ಥಭೂಮಿಗೆ ನೈಋತ್ಯದ ಮಾರುತ ತಲಪುವ ವೇಳೆಗೆ ಅದರ ನೀರಿನ ಬಹುಭಾಗ ಪಶ್ಚಿಮಘಟ್ಟದ ಆಚೆಗೇ ಸುರಿದುಹೋಗಿರುತ್ತದೆ. ಮಲೆನಾಡಿನಲ್ಲಿ ಹಗಲಿರುಳೂ ಬಿಡದೆ ಸುರಿಯುವ ಆಷಾಢದ ಮಳೆ ಇಲ್ಲಿ ಗಾಳಿಯೊಡನೆ ಬೀಳುವ ತುಂತುರು. ಬೆಂಗಳೂರಿನ ನೆಲವನ್ನು ನಿಜವಾಗಿ ತೋಯಿಸುವುವು ಚೈತ್ರ ವೈಶಾಖಗಳಲ್ಲಿ ಗುಡುಗು ಮಿಂಚುಗಳೊಡನೆ ಬರುವ ಮುಂಗಾರಿನ ಹದಮಳೆಗಳು, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಕೆರೆಕುಂಟೆಗಳನ್ನು ತುಂಬಿಸುವ ದೊಡ್ಡ ಮಳೆಗಳು. ವರ್ಷವೊಂದಕ್ಕೆ ಸರಾಸರಿ 900ರಿಂದ 1000 ಮಿಲಿಮೀಟರಿನಷ್ಟು ಬೀಳುವ ಈ ನೀರು ಎರಡು ಕಂತುಗಳಲ್ಲಿ ಬರುವುದರಿಂದಲೂ, ಎರಡರಲ್ಲಿ ಯಾವುದು ಕೈಕೊಡುವುದೆಂದು ಮೊದಲೇ ತಿಳಿಯದಿದ್ದುದರಿಂದಲೂ, ಇಲ್ಲಿನ ರೈತನು ಯಾವ ಒಂದು ಮಳೆಗೂ ತನ್ನ ಬದುಕನ್ನು ಪೂರ್ತಿಯಾಗಿ ಒಪ್ಪಿಸದಂತೆ ಬೆಳೆಗಳನ್ನು ಹೊಂದಿಸಿಕೊಂಡನು. ಈ ಸೀಮೆಯ ಕೃಷಿಚರಿತ್ರೆಯ ತಿರುಳು ಇದೇ.

ಅವನ ಪಂಚಾಂಗದಲ್ಲಿ ವರ್ಷವೆಂಬುದು ಮಳೆನಕ್ಷತ್ರಗಳ ಒಂದು ಮಾಲೆ. ಯುಗಾದಿಯ ಹೊತ್ತಿಗೆ ಎತ್ತುಗಳನ್ನು ಪೂಜಿಸಿ ಹೊನ್ನಾರು ಕಟ್ಟಿ ನೆಲದ ಮೇಲೆ ಮೊದಲ ಗೆರೆ ಎಳೆದ ಮೇಲೆ, ಅಶ್ವಿನಿ ಭರಣಿಗಳ ಮಳೆಗಾಗಿ ಆಕಾಶ ನೋಡುವುದು ಪ್ರಾರಂಭವಾಗುತ್ತಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ, ಏಪ್ರಿಲ್ ಕೊನೆಯ ಆ ಮಳೆಯಿಂದ ಕೆಂಪು ಮಣ್ಣು ಮೆತ್ತಗಾಗಿ ಉಳುಮೆಗೆ ಒದಗುವುದನ್ನು ಕಂಡವರ ಮಾತು. ಆ ಹದಕ್ಕೆ ಎಳ್ಳು ಬಿದ್ದರೆ, ಮೃಗಶಿರೆ ಆರಿದ್ರಾ ಪುನರ್ವಸುಗಳಲ್ಲಿ ರಾಗಿ ಬಿತ್ತನೆ. ಉತ್ತರೆ ಹಸ್ತಗಳ ಮಳೆ ತೆನೆಗೆ ಹಾಲು ತುಂಬುವ ಮಳೆ. ರಾಗಿಯೇ ಕೈಕೊಟ್ಟ ವರ್ಷ ಆ ಕಡೆಯ ತೇವವನ್ನೇ ನೆಚ್ಚಿ ಚೆಲ್ಲುವ ಹುರುಳಿ. ಹೀಗೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುವಂತೆ ಋತುವಿನ ಉದ್ದಕ್ಕೂ ಏರ್ಪಾಡು ಇತ್ತು.

ಟಿಪ್ಪುಸುಲ್ತಾನನ ಪತನದ ತರುವಾಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಒಣಬೇಸಾಯದ ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯವೆಂದೂ ಸಾಮಾನ್ಯ ಜನರ ಆಹಾರ ಅದೇ ಎಂದೂ ಬರೆದು, ಅದನ್ನು ಬಿತ್ತುವ ಕೂರಿಗೆಯನ್ನೂ ವರ್ಣಿಸಿದ್ದಾನೆ. ಎತ್ತುಗಳು ಎಳೆಯುವ ಮರದ ದಿಂಡು. ಅದರ ಮೇಲೊಂದು ರಂಧ್ರಗಳುಳ್ಳ ಬಟ್ಟಲು. ಬಟ್ಟಲಿನಿಂದ ಒಂದೊಂದು ತಾಳಿಗೂ ಇಳಿದ ಬಿದಿರಿನ ಕೊಳವೆ. ಬಟ್ಟಲಿಗೆ ಬೀಜವನ್ನು ಹಿಡಿಹಿಡಿಯಾಗಿ ಬಿಡುವ ಕೈ ಒಂದು ಕ್ಷಣ ತಡೆದರೂ ಸಾಲು ಬರಿದಾಗುವುದು, ತುಸು ಸಡಿಲಿದರೂ ಪೈರು ಒತ್ತಾಗುವುದು. ಆದ್ದರಿಂದ ಆ ಕೆಲಸ ಊರಿನಲ್ಲಿ ಕೈ ಪಳಗಿದವರದೇ. ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಇನ್ನೊಂದು ಬಿದಿರ ಕೊಳವೆಯನ್ನು ಹಿಡಿದು ಮತ್ತೊಬ್ಬರು ನಡೆಯುತ್ತ, ಆರೆಂಟು ಸಾಲು ರಾಗಿಗೆ ಒಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಲಸಂದೆಗಳನ್ನು ಬಿಡುವರು. ಅದೇ ಅಕ್ಕಡಿ ಸಾಲು. ಬೀಜ ಮೊಳೆತು ಎರಡು ಮೂರು ವಾರವಾದ ಮೇಲೆ ಕುಂಟೆ ಹೊಡೆದು ಕಳೆ ತೆಗೆದರೆ, ಒಂದೇ ಹೊಲದಲ್ಲಿ ಬೇರೆ ಬೇರೆ ಎತ್ತರದ, ಬೇರೆ ಬೇರೆ ಆಳಕ್ಕೆ ಬೇರಿಳಿಸುವ, ಬೇರೆ ಬೇರೆ ತಿಂಗಳಲ್ಲಿ ಕೊಯ್ಲಿಗೆ ಬರುವ ಪೈರುಗಳು ಜೊತೆಯಾಗಿ ಬೆಳೆಯುತ್ತಿದ್ದುವು. ದ್ವಿದಳ ಧಾನ್ಯದ ಬೇರು ಮಣ್ಣಿಗೆ ಸಾರಜನಕವನ್ನು ಕೊಡುವುದೆಂಬ ಶಾಸ್ತ್ರವಿಚಾರ ಗೊತ್ತಿಲ್ಲದವರೂ ಅದರ ಫಲವನ್ನು ಬಲ್ಲವರಾಗಿದ್ದರು.

ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿದ ಹೊಲದಲ್ಲಿ ಅಕ್ಕಡಿಯ ಅವರೆ ಮಾತ್ರ ನಿಂತು, ಇಬ್ಬನಿ ಬಿದ್ದಂತೆ ಹೂವು ಕಾಯಿಗಳನ್ನು ತುಂಬಿಕೊಳ್ಳುತ್ತಿತ್ತು. ನಾಡ ಅವರೆ ಹಗಲು ಕುಗ್ಗಿದ ಮೇಲೆ ಹೂ ಬಿಡುವ ಗಿಡವಾದ್ದರಿಂದ ಯಾವಾಗ ಬಿತ್ತಿದರೂ ಚಳಿಗಾಲಕ್ಕೆ ಮುಂಚೆ ಅದು ಕಾಯಿ ಕಟ್ಟದು. ಮಾಗಿಯ ಸೊಗಡಿನ ಅವರೆಕಾಯಿಗಾಗಿ ಇಂದಿಗೂ ವಿಶ್ವೇಶ್ವರಪುರದಲ್ಲಿ ಜನ ಮುತ್ತುವುದರ ಮೂಲ ಈ ಗುಣದಲ್ಲಿದೆ. ಅವರೆಯ ಬೆನ್ನಿಗೆ ತೊಗರಿ. ಕಣದಲ್ಲಿ ಗುಂಡು ಹೊಡೆದು, ತೂರಿ, ರಾಶಿಪೂಜೆ ಮಾಡುವ ವೇಳೆಗೆ ಸಂಕ್ರಾಂತಿ. ಗವಿಗಂಗಾಧರೇಶ್ವರನ ಲಿಂಗದ ಮೇಲೆ ಅಸ್ತಮಾನದ ಸೂರ್ಯಕಿರಣ ಬೀಳುವ ಆ ದಿನ, ಸುತ್ತಲಿನ ಗ್ರಾಮಗಳಿಗೆ ಸುಗ್ಗಿ ಮುಗಿದ ದಿನವೂ ಆಗಿತ್ತು.

ನೀರಾವರಿಯ ಭಾಗ ಚಿಕ್ಕದು, ಆದರೆ ಜೀವಾಳವಾದುದು. ಕೆಂಪೇಗೌಡರ ಕಾಲದ ಕೆಂಪಾಂಬುಧಿ ಕೆರೆ ಗುಡ್ಡಗಳಿಂದ ಹರಿದ ನೀರನ್ನು ತಡೆದು, ತೂಬಿನ ಮೂಲಕ ಅಚ್ಚುಕಟ್ಟಿಗೆ ಕೊಟ್ಟು, ಹೆಚ್ಚಾದುದನ್ನು ಕೋಡಿಯಿಂದ ವೃಷಭಾವತಿಗೆ ಬಿಡುತ್ತಿತ್ತು. ಆ ನದಿ ಅರ್ಕಾವತಿಯನ್ನೂ ಅರ್ಕಾವತಿ ಕಾವೇರಿಯನ್ನೂ ಸೇರುವುದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳುವುದು ಊರ ನೀರುಗಂಟಿಯ ಹೊಣೆ.

ಈ ಏರ್ಪಾಡೂ ಸೋತ ಕಾಲ ಉಂಟು. 1876, 1877ರ ಮಳೆಗಳು ಒಂದರ ಹಿಂದೊಂದು ಕೆಟ್ಟಾಗ ಮೈಸೂರು ಸಂಸ್ಥಾನದಲ್ಲಿ ಉಂಟಾದ ಘೋರಕ್ಷಾಮದಲ್ಲಿ ಸತ್ತವರ ಸಂಖ್ಯೆ ಸುಮಾರು 10 ಲಕ್ಷವೆಂದು ಎಣಿಕೆ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಉಳಿಯುವ ರಾಗಿ ಒಂದು ವರ್ಷದ ಬರವನ್ನು ದಾಟಿಸಬಲ್ಲದು. ಬರದ ಮೇಲೆ ಬರ ಬಂದರೆ ಹಗೇವೂ ಬರಿದು. ಕನಕದಾಸರು ತಮ್ಮ ‘ರಾಮಧಾನ್ಯಚರಿತೆ’ಯಲ್ಲಿ ಭತ್ತದೊಡನೆ ವಾದಿಸಿದ ರಾಗಿಗೆ ಗೆಲವು ಕೊಡಿಸಿದುದು ಬಡವನ ಧಾನ್ಯದ ಈ ಬಾಳಿಕೆಯನ್ನು ಬಲ್ಲ ನಾಡಿನಲ್ಲಿ.

ಬಸವನಗುಡಿಯ ಪರಿಷೆ ಈ ಕಥೆಯ ಇನ್ನೊಂದು ಅಧ್ಯಾಯ. ಕಾರ್ತಿಕಮಾಸದ ಕಡೆಯ ಸೋಮವಾರ ಸುತ್ತಲಿನ ರೈತರು ಕಡಲೆಕಾಯಿಯ ಮೊದಲ ಬೆಳೆಯನ್ನು ದೊಡ್ಡ ಬಸವನಿಗೆ ಒಪ್ಪಿಸುವುದು ವಾಡಿಕೆ. ರಾತ್ರಿ ಹೊಲ ಮೇಯುತ್ತಿದ್ದ ಬಸವ ಕಲ್ಲಾಗಿ ಕುಳಿತನೆಂದೂ, ಬೆಳೆಯ ಕಾವಲಿಗಾಗಿ ಹರಕೆ ಹೊತ್ತ ರೈತರು ಪರಿಷೆಯನ್ನು ನಡೆಸತೊಡಗಿದರೆಂದೂ ಐತಿಹ್ಯ. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಯುರೋಪಿನ ನಾವಿಕರು ಸಾಗರಗಳನ್ನು ದಾಟಿದ ಮೇಲೆ ಅದು ನಮ್ಮ ಕಡೆಗೆ ಬಂದುದು. ದಕ್ಷಿಣಭಾರತದಲ್ಲಿ ದೊಡ್ಡ ಪ್ರಮಾಣದ ವ್ಯಾಪಾರದ ಬೆಳೆಯಾದುದು 19ನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ. ಹಾಗಾದರೆ ಸುಗ್ಗಿಯ ಮೊದಲ ಪಾಲು ದೇವರದೆಂಬ ಭಾವ ಪ್ರಾಚೀನ, ಅದು ಕೈಗೆತ್ತಿಕೊಂಡ ಬೆಳೆ ಹೊಸದು. ಹೂವು ಉದುರಿದ ಮೇಲೆ ಎಳೆಯ ಊಡು ನೆಲದೊಳಕ್ಕೆ ಇಳಿದು ಕಾಯಾಗುವ ಈ ಗಿಡಕ್ಕೆ ಹಗುರವಾದ ಕೆಂಪು ಮರಳುಮಣ್ಣೂ, ಹಿಂಗಾರಿನ ತೇವದಿಂದ ಸಡಿಲಾಗಿ ಕಾಯಿ ಕೀಳಲು ಒದಗುವ ನೆಲವೂ ಬೇಕು. ಈ ಸೀಮೆಯ ಹೊಲ ಅದೆರಡನ್ನೂ ಕೊಟ್ಟಿತು. ಆಫ್ರಿಕದ ಪೂರ್ವಭಾಗದಿಂದ ಪುರಾತನಕಾಲದಲ್ಲಿ ಬಂದ ರಾಗಿಯನ್ನು ತನ್ನದಾಗಿಸಿಕೊಂಡ ರೈತನೇ ಅಮೆರಿಕದ ಕಡಲೆಕಾಯಿಯನ್ನೂ ತನ್ನ ಋತುಚಕ್ರದಲ್ಲಿ ಸೇರಿಸಿಕೊಂಡನು. ನಮ್ಮ ಕಾಲದಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಗಳನ್ನು ಭಾರತದ ತಳಿಗಳೊಡನೆ ಸಂಕರಗೊಳಿಸಿ ಇಂಡಾಫ್ ರಾಗಿಯನ್ನು ರೂಪಿಸಿದುದು ಇದೇ ಸ್ವೀಕಾರದ ಮುಂದುವರಿಕೆ.

ಈಗ ಪರಿಷೆಗೆ ಕಡಲೆಕಾಯಿ ಬರುವುದು ಮಾಗಡಿ, ಚಿಂತಾಮಣಿ, ಕೋಲಾರಗಳ ಕಡೆಯಿಂದ ಮತ್ತು ತಮಿಳುನಾಡಿನಿಂದ. ಬಸವನಗುಡಿಯ ಕಾರಂಜಿ ಕೆರೆ ಹೆಸರಾಗಿ ಮಾತ್ರ ಉಳಿದಿದೆ; ವೃಷಭಾವತಿ ಕೊಳಚೆ ಹೊತ್ತು ಹರಿಯುತ್ತಿದೆ. ಹೊಲಗಳು ಮರಳಿ ಬರಲಾರವು, ಬರಬೇಕೆಂದು ಕೇಳುವುದೂ ವಿವೇಕವಲ್ಲ. ಆದರೆ ಮುಂಗಾರಿನ ಹದಮಳೆಯೂ ಹಿಂಗಾರಿನ ದೊಡ್ಡ ಮಳೆಯೂ ಇದೇ ಗುಡ್ಡಗಳ ಮೇಲೆ ಇಂದಿಗೂ ಬೀಳುತ್ತಿವೆ. ಆ ನೀರನ್ನು ಹಿಡಿದಿಡಲು ಈ ಭಾಗದಲ್ಲಿ ಉಳಿದಿರುವ ಪಾತ್ರೆಗಳಲ್ಲಿ ಕೆಂಪಾಂಬುಧಿಯೂ ಒಂದು. ಮಳೆಯ ಒಂದು ಹನಿಯನ್ನೂ ಖಚಿತವೆಂದು ನಂಬದೆ, ಬಂದ ಹನಿಯನ್ನು ವ್ಯರ್ಥಗೊಳಿಸದೆ ಬದುಕಿದವರ ನೆಲದಲ್ಲಿ ವಾಸಿಸುವ ನಾವು, ಆ ಕೆರೆಗೆ ಕೊಳಚೆಯ ಬದಲು ಮಳೆನೀರು ಸೇರುವಂತೆ ನೋಡಿಕೊಳ್ಳುವುದು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಋಣ.